ಬಾಬಯ್ಯನ ಕತ್ತಿ ಹೊಳೀಬಾರ್ದಿತ್ತು

ಚಳ್ಳಕೆರೆ
14-7-2025

ಅಬ್ಬಾ,

ಸಲಾಂ. ಕ್ಷೇಮ ಅಂತ ಬರೆಯಲ್ಲ. ಇಲ್ಲಿ ಯಾರೂ ಕ್ಷೇಮ ಇಲ್ಲ, ಅಲ್ಲಿ ನೀನೂ ಇರಲ್ಲ. ಇವ್ನು ಯಾಕೆ ಕನ್ನಡದಾಗೆ ಬರೀತವ್ನೆ ಅಂತ ಕೇಳ್ಬೇಡ. ಜೈಲಿನ ಗೇಟಿನಾಗೆ ಇರೋನು ಹೇಳ್ದ, ಉರ್ದು ಕಾಗದ ಓದೋರು ನಮ್ಮಲ್ಲಿಲ್ಲ, ಓದ್ದೆ ಒಳಗೆ ಬಿಡಲ್ಲ ಅಂತ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು, ತಪ್ಪಿದ್ರೆ ಇರ್ಲಿ. ನೀನು ಹಟ್ಟಿ ಸ್ಕೂಲಾಗೆ ನಾಕನೇ ಕ್ಲಾಸಿನ ತನಕ ಓದೀಯಲ್ಲ, ಓದ್ಕೋ.

ನಂಗೆ ಒಂದು ಹೇಳು. ಬಸ್ಸಿನಾಗೆ ಪೊಲೀಸ್ನೋರು ಕತ್ತಿಗೆ ಸುತ್ತಿದ್ದ ಹಸಿರು ಬಟ್ಟೆ ಬಿಚ್ಚಿಸ್ದಾಗ ನಿನ್ನ ಬಾಯಿಗೆ ಏನಾಗಿತ್ತು? ಕಂಡಕ್ಟ್ರನ್ನ ಹುಡುಕ್ಕೊಂಡು ಹೋಗಿ ಕೇಳ್ದೆ. ಸಾಬ್ರು ಏನೋ ಗೊಣಗಿದ್ರು, ಆಮೇಲೆ ಸುಮ್ನೆ ಇಳಿದು ಹೋದ್ರು ಅಂದ. ಮದುವೆ ಊಟಕ್ಕೆ ಕರೆದಂಗೆ ಇಳಿದು ಹೋದ್ಯಾ? ಇದು ಮೊಳಕಾಲ್ಮುರು ಕಡೆ ನಮ್ಮ ಹಟ್ಟಿ ಬಾಬಯ್ಯನ ಕತ್ತಿ, ಮೊಹರಂಗೆ ತಗೊಂಡು ಹೋಗ್ತಿದ್ದೀನಿ, ನಮ್ಮ ತಾತನ ತಾತನ ಕಾಲದಿಂದ ನಾವೇ ಅದನ್ನ ನೋಡ್ಕೊಳ್ಳೋ ಮುಜಾವರ್ರು ಅಂತ ಗಟ್ಟಿಯಾಗಿ ಹೇಳಕ್ಕೆ ಏನಾಗಿತ್ತು. ಎಲ್ಲೋ ಯಾರೋ ಹೊಡೆದಾಡ್ಕೊಂಡ್ರೆ ಆ ವಾರ ಬಸ್ಸು ನಿಲ್ಸಿ ಚೀಲ ನೋಡೋದು, ಅದ್ರಾಗೆ ಸಿಗೋದು ಅರವತ್ತೆರಡು ವರ್ಷದ ನೀನು.

ಮೊನ್ನೆ ನೋಡಕ್ಕೆ ಬಂದಿದ್ದೆ. ಆಧಾರ್ ಫೋಟೋದಾಗೆ ಗಡ್ಡ ಇಲ್ಲ, ಮುಖದಾಗೆ ಐತೆ, ಹೋಗಿ ಬಾ ಅಂದ್ರು. ಗೇಟಿಗೆ ಒದ್ದೆ. ಅಮ್ಮಾ ಕೈ ಹಿಡ್ಕೊಂಡು ಎಳ್ಕೊಂಡು ಬಂದ್ಲು.

ಈಗ ಕೆಲಸದ ಮಾತು. ಸರ್ಕಾರದಿಂದ ಲಾಯರ್ ಕೊಟ್ಟವ್ರೆ, ಮಾಲತಿ ಮೇಡಂ ಅಂತ. ಕತ್ತಿ ಹಳೇದು, ಹಬ್ಬದ್ದು ಅಂತ ತೋರಿಸ್ಬಿಟ್ರೆ ಕೇಸು ನಿಲ್ಲಲ್ಲ ಅಂತವ್ರೆ. ಹಟ್ಟಿ ಮಾರಯ್ಯ ಈ ತಿಂಗಳ ಕೊನೇಗೆ ಸ್ಟೇಷನ್ನಿಗೆ ಬಂದು ನಮ್ದೇ ಕತ್ತಿ ಅಂತ ಗುರ್ತು ಹೇಳ್ತಾನೆ. ಜಾಮೀನಿಗೂ ಅವ್ನದೇ ಪಹಣಿ ಇಡ್ತೀವಿ. ಐವತ್ತು ವರ್ಷ ನಿನ್ನ ಜೊತೆ ಬೆಂಕಿ ಕುಣಿ ಸುತ್ತ ಕುಣಿದೋನು, ಅವ್ನು ಹೇಳಿದ್ರೆ ಮುಗೀತು.

ಎರಡೇ ವಾರ. ಅಲ್ಲಿ ಯಾರಿಗೂ ತಲೆ ಬಗ್ಗಿಸ್ಬೇಡ.

ನಿನ್ನ ಮಗ
ಶಹನವಾಜ್

*

ಜೈಲು
23-7-2025

ಬೇಟಾ ಶಾನು,

ದುವಾ. ನಿನ್ನ ಅಕ್ಷರ ಕೋಳಿ ಕೆದರಿದಂಗೆ ಐತೆ, ಆದ್ರೂ ಓದ್ದೆ. ಮೂರು ಸಲ ಓದ್ದೆ.

ನಾನು ಬಾಯಿ ಬಿಟ್ಟಿಲ್ಲ ಅನ್ಬೇಡ. ಬಾಬಯ್ಯನ ಕತ್ತಿ ಅಂತ ಹೇಳ್ದೆ. ಅವ್ನೊಬ್ಬ ನಿನ್ನ ವಯಸ್ಸಿನ ಪೊಲೀಸು, ಒಳ್ಳೆ ಹುಡುಗನೇ. ಡ್ರೈವರ್ ಹತ್ರ ಇದ್ದ ಪೇಪರ್ ಒಂದು ಹಾಳೆ ತಗೊಂಡು ಅಲಗಿನ ಮೇಲೆ ಬಿಟ್ಟ. ಅದು ಸರ್ ಅಂತ ಎರಡು ಭಾಗ ಆಗಿ ಕೆಳಗೆ ಬಿತ್ತು. 'ಏನ್ ಸಾಬ್ರೇ, ನಿಮ್ಮ ಬಾಬಯ್ಯ ಕುರಿ ಕಡೀತಾನಾ' ಅಂದ. ಬಸ್ಸಿನೋರೆಲ್ಲ ನಕ್ರು. ಅದಾದ್ಮೇಲೆ ನಾನು ಏನು ಹೇಳ್ಲಿ. ಪೇಪರ್ ಹೇಳ್ಬಿಡ್ತು.

ಗೇಟಿಗೆ ಒದೀಬೇಡ. ಗೇಟಿನ ಈ ಕಡೆ ಇರೋನು ನಾನು, ಆಮೇಲೆ ನನ್ನ ಹತ್ರ ಬಂದು ಮಾತಾಡ್ತಾರೆ.

ಇಲ್ಲಿ ಸಂಗಮೇಶ್ ಅಂತ ಒಬ್ಬ ಅವ್ನೆ, ಟ್ರ್ಯಾಕ್ಟರ್ ಕೇಸು. ನಂಗೆ ಕತ್ತಿ ಸಾಬ್ರು ಅಂತ ಹೆಸರಿಟ್ಟವ್ನೆ. ಈರುಳ್ಳಿ ಹೆಚ್ಚಕ್ಕೆ ಬ್ಯಾರೆಯೋರಿಗೆ ಚಾಕು ಕೊಟ್ರೆ 'ಬ್ಯಾಡ್ರೀ ಸಾರ್, ಎಕ್ಸ್‌ಪರ್ಟ್ ಇಲ್ಲೇ ಅವ್ರೆ' ಅಂತಾನೆ. ನಗ್ತೀವಿ. ಟೈಮು ಹೋಗ್ಬೇಕಲ್ಲ.

ಮಾರಯ್ಯ ಬಂದ್ರೆ ಊಟ ಮಾಡ್ಸಿ ಕಳ್ಸು. ಬಸ್ಟ್ಯಾಂಡ್ ಹೋಟ್ಲು ಬ್ಯಾಡ, ಮನೆಗೆ ಕರ್ಕೊಂಡು ಹೋಗು. ಅವ್ನಿಗೆ ಅಮ್ಮಾ ಮಾಡೋ ಖಟ್ಟಾ ಸಾರು ಇಷ್ಟ.

ನಿಮ್ಮ ಅಬ್ಬಾ
ನೂರ್ ಅಹಮ್ಮದ್

*

ಚಳ್ಳಕೆರೆ
3-8-2025

ಅಬ್ಬಾ,

ಮಾರಯ್ಯ ಬಂದ. ಊಟ ಮಾಡ್ಸಿಲ್ಲ. ಮಾಡ್ಸೋದೂ ಇಲ್ಲ.

ಸ್ಟೇಷನ್ನಾಗೆ ಕತ್ತಿ ಟೇಬಲ್ ಮೇಲೆ ಇಟ್ರು. ನಾನು ಬಾಗ್ಲತ್ರ ನಿಂತಿದ್ದೆ. ಮಾರಯ್ಯ ಚಪ್ಲಿ ಬಿಟ್ಟು ಒಳಗೆ ಹೋದ, ಕೈ ಮುಗ್ದ, ಆಮೇಲೆ ಹತ್ರ ಬಗ್ಗಿ ನೋಡ್ದ. ನೋಡ್ದ ಅಂದ್ರೆ ಗಂಟೆಗಟ್ಲೆ ನೋಡ್ದಂಗೆ ಆಯ್ತು. ತಿರುಗಿಸಿ ಅಂದ, ಅವ್ರು ತಿರುಗಿಸಿದ್ರು. ಬೆರಳು ಅಲಗಿನ ಮಧ್ಯಕ್ಕೆ ಇಟ್ಟು ಏನೋ ತಡಕಾಡ್ದ.

'ಇದು ನಮ್ದಲ್ಲ ಸ್ವಾಮಿ' ಅಂದ.

ಸಾಹೇಬ್ರು ಇನ್ನೊಂದ್ಸಲ ನೋಡಪ್ಪ ಅಂದ್ರು. ಮಾರಯ್ಯ ಅಂತಾನೆ, 'ನಮ್ಮ ಬಾಬಯ್ಯನ ಕತ್ತಿ ಕರ್ರಗೈತೆ. ತುದಿ ಒಂಚೂರು ಬಗ್ಗೈತೆ. ಮಧ್ಯ ಎರಡು ಹಲ್ಲು ಮುರಿದಾವೆ, ನಾನು ಹುಡುಗ ಇದ್ದಾಗ್ಲಿಂದ ಆ ಹಲ್ಲಿಗೆ ಬೆರಳಿಟ್ಟೇ ಹೂವು ಕಟ್ಟಿರೋದು. ಹಿಡಿ ಗಲಗಲ ಅಂತೈತೆ. ಇದು ಹೊಸ ಮಾಲು.'

ನಾನು ಒಳಗೆ ನುಗ್ಗಿ 'ಲೇ ಮುದುಕ, ಅದೇ ಕತ್ತಿ, ನಾನೇ ಶಾಪಿನಾಗೆ ಪಾಲಿಶ್ ಹಾಕಿದ್ದು' ಅಂದೆ. ಅವ್ನು ನನ್ನ ಮುಖ ನೋಡಿ, 'ಪಾಲಿಶ್ ಹಾಕಿದ್ರೆ ಹಲ್ಲು ಹುಟ್ಟುತ್ತೇನಪ್ಪಾ' ಅಂದ. ಪೊಲೀಸ್ನೋರು ಬರ್ಕೊಂಡ್ರು. ಮಾರಯ್ಯನ ಮಕ್ಕಳು ಹೊರಗೆ ಕಾಯ್ತಿದ್ರು, ಜಾಮೀನಿನ ಮಾತು ಎತ್ತೋ ಮೊದ್ಲೇ ಅಪ್ಪನ್ನ ಬೈಕಿನ ಮೇಲೆ ಕೂರಿಸ್ಕೊಂಡು ಹೋದ್ರು. ಪಹಣಿ ಇರೋ ಬ್ಯಾರೆ ಯಾವನೂ ನಮಗಿಲ್ಲ.

ಹಬ್ಬದ ಫೋಟೋ ಎಲ್ಲಾ ತಗ್ದು ಮೇಡಂಗೆ ತೋರಿಸ್ದೆ, ನನ್ನ ಫೋನಾಗೆ ಆರು ವರ್ಷದ್ದವೆ. ಎಲ್ಲಾದ್ರಾಗೂ ಮಲ್ಲಿಗೆ ಹೂವು, ಹಸಿರು ಬಟ್ಟೆ, ಜರಿ ಪಟ್ಟಿ. ಕತ್ತಿ ಒಂದು ಇಂಚೂ ಕಾಣಲ್ಲ. 'ಒಳಗೆ ಕೋಲು ಇದ್ರೂ ಹಿಂಗೇ ಕಾಣುತ್ತೆ' ಅಂದ್ರು ಮೇಡಂ. ಅವ್ರಿಗೂ ಬೈದೆ.

ಐವತ್ತು ವರ್ಷ ಜೊತೆಗಿದ್ದೋನು. ಥೂ.

ಶಹನವಾಜ್

*

ಜೈಲು
12-8-2025

ಬೇಟಾ,

ಮಾರಯ್ಯನಿಗೆ ಬೈಬೇಡ. ಅವ್ನು ಸುಳ್ಳು ಹೇಳಿಲ್ಲ. ಅವ್ನು ನೋಡಿದ್ದು ಹೇಳ್ದ. ಚಪ್ಲಿ ಬಿಟ್ಟು ಒಳಗೆ ಹೋದ ಅಂತ ನೀನೇ ಬರ್ದಿದ್ದೀಯ. ಸುಳ್ಳು ಹೇಳೋನು ಚಪ್ಲಿ ಬಿಡಲ್ಲ.

ಆ ಕತ್ತಿ ಯಾರ್ದು ಅಂತ ನನ್ನ ಕೇಳಿದ್ರೆ ನಂಗೂ ಗೊತ್ತಿಲ್ಲ. ನಮ್ಮಪ್ಪ ಒಂದು ಕತೆ ಹೇಳ್ತಿದ್ದ, ಪಾಳೇಗಾರನ ಸಿಪಾಯಿ ಒಬ್ಬ ಗಾಯ ಆಗಿ ಹಟ್ಟಿಗೆ ಬಂದ, ನೀರು ಕೊಟ್ಟೋರಿಗೆ ಕತ್ತಿ ಕೊಟ್ಟು ಸತ್ತ ಅಂತ. ಮಾರಯ್ಯನ ಅಪ್ಪ ಬ್ಯಾರೆ ಹೇಳ್ತಿದ್ದ, ಕೆರೆ ಹೂಳು ಎತ್ತೋವಾಗ ಸಿಕ್ತು ಅಂತ. ಇಬ್ರೂ ವರ್ಷಾ ವರ್ಷಾ ಜಗಳ ಆಡೋರು, ಆಮೇಲೆ ಒಟ್ಟಿಗೆ ಕತ್ತಿ ತೊಳೆಯೋರು. ಹುಣಸೆ ಹಣ್ಣು, ಬೂದಿ, ನೀರು. ಅಷ್ಟೇ. ಕರ್ರಗೇ ಇರೋದು, ಎಷ್ಟು ತಿಕ್ಕಿದ್ರೂ. ಅದ್ರಾಗೆ ಏನೋ ಗೆರೆಗೆರೆ ಇತ್ತು, ನೀರಿನ ಮೇಲೆ ಗಾಳಿ ಬೀಸ್ದಂಗೆ. ಚಿಕ್ಕೋನಿದ್ದಾಗ ನಾನು ಅದನ್ನ ಹಾವಿನ ಪೊರೆ ಅಂದ್ಕೊಂಡಿದ್ದೆ.

ಶಾನು, ನೀನು ಕೆಲಸ ಮಾಡೋ ಲಾರಿ ಪಟ್ಟಿ ಶಾಪಿನಾಗೆ ಅದಕ್ಕೆ ಏನೇನು ಮಾಡ್ದೆ ಅನ್ನೋದನ್ನ ಪೂರ್ತಿ ಮಾಲತಿ ಮೇಡಂಗೆ ಹೇಳು. ನಂಗೆ ಹೇಳೋದು ಬ್ಯಾಡ. ಅವ್ರಿಗೆ ಹೇಳು.

ನನ್ನ ಮೊಣಕಾಲು ಪರವಾಗಿಲ್ಲ. ಅಮ್ಮಾಗೆ ಅಳಬೇಡ ಅನ್ನು.

ನೂರ್ ಅಹಮ್ಮದ್

*

ಚಳ್ಳಕೆರೆ
31-8-2025

ಅಬ್ಬಾ,

ಒಂದು ದಾರಿ ಸಿಕ್ಕೈತೆ. ಪೂರ್ತಿ ಓದು.

ನೀನು ಗೆರೆಗೆರೆ ಅಂತ ಬರ್ದಿದ್ಯಲ್ಲ, ಅದನ್ನ ಮೇಡಂಗೆ ಓದಿ ಹೇಳ್ದೆ. ಅವ್ರು ಮೊಳಕಾಲ್ಮುರಿನಾಗೆ ಬೊಮ್ಮಲಿಂಗಪ್ಪ ಅಂತ ಒಬ್ರ ಅಡ್ರೆಸ್ ಕೊಟ್ರು. ಮ್ಯೂಸಿಯಂನಾಗೆ ಇದ್ದು ರಿಟೈರ್ ಆದೋರು, ಬ್ರಹ್ಮಗಿರಿ ಶಾಸನದ ಕಲ್ಲು ನೋಡಕ್ಕೆ ದೊಡ್ಡ ದೊಡ್ಡೋರು ಬಂದ್ರೆ ಇವ್ರೇ ಕರ್ಕೊಂಡು ಹೋಗ್ತಿದ್ರಂತೆ. ರೇಷ್ಮೆ ಸೀರೆ ನೇಯೋರ ಬೀದಿ ಕೊನೇ ಮನೆ. ಬನಿಯನ್ ಹಾಕ್ಕೊಂಡು ಕಡ್ಲೇಕಾಯಿ ಬಿಡಿಸ್ತಾ ಕೂತಿದ್ರು.

ಸ್ಟೇಷನ್ನಾಗೆ ತಗ್ದಿದ್ದ ಫೋಟೋ ಫೋನಾಗೆ ತೋರಿಸ್ದೆ. ಹಿಡಿ ನೋಡಿ ನಕ್ಬಿಟ್ರು. 'ಯಾವನಯ್ಯ ಇದಕ್ಕೆ ಗೋಲ್ಡ್ ಸ್ಪ್ರೇ ಹೊಡ್ದೋನು' ಅಂದ್ರು. ನಾನೇ ಅಂದೆ. 'ಮೊದ್ಲು ಎಮರಿ ಪೇಪರ್ ಹಾಕಿ ಉಜ್ಜಿದ್ಯಾ' ಅಂದ್ರು. ಹೂನ್ರಿ. 'ಹಿಡಿ ಸಂದಿನಾಗೆ ಬೆಳ್ಳಿ ಎಳೆ ಇದ್ವಾ, ಕೂದಲಿನ ತರ?' ಇದ್ವು, ಏನೋ ಕಸ ಅಂದ್ಕೊಂಡೆ. ಅವ್ರು ಕಡ್ಲೇಕಾಯಿ ಬಿಡಿಸೋದು ನಿಲ್ಸಿಬಿಟ್ರು.

ಆಮೇಲೆ ಪಾಠ ಮಾಡಿದ್ರು. ಎಲ್ಲಾ ನೆನಪೈತೆ, ಸ್ಕೂಲಾಗೆ ಒಂದೂ ನೆನಪಿರ್ತಿರಲಿಲ್ಲ. ಹಿಡಿ ನೋಡಿ ಯಾವ ಊರ ಕತ್ತಿ ಅಂತ ಹೇಳೋನು ಮೂರ್ಖ ಅಂತೆ. ಹಿಡಿ ಒಂದು ಕಡೇದು ಇರುತ್ತೆ, ಅಲಗು ಇನ್ನೊಂದು ಕಡೇದು. ಹಡಗಿನಾಗೆ ಬಂದ ಫಿರಂಗಿಯೋರ ಅಲಗಿಗೆ ನಮ್ಮೋರು ಹಿಡಿ ಹಾಕ್ಕೊಳ್ಳೋರು. ಇಲ್ಲಿಯ ಉಕ್ಕು ಸಮುದ್ರ ದಾಟಿ ಹೋಗಿ ಅಲ್ಲಿ ಕತ್ತಿ ಆಗ್ತಿತ್ತು. ಹಳೇ ಕತ್ತೀನಾಗೆ ಅಲಗನ್ನ ಹಿಡಿಗೆ ಅರಗು ಸುರಿದು ಕೂರಿಸೋರು, ವೆಲ್ಡಿಂಗ್ ಇರಲ್ಲ, ಸ್ಕ್ರೂ ಇರಲ್ಲ. 'ನಿಂದ್ರಾಗೆ ಅರಗು ಇತ್ತಾ?' ಇತ್ರಿ, ಲೂಸಾಗಿತ್ತು, ಗ್ಯಾಸ್ ಹಿಡಿದು ಕರಗಿಸಿ ಬಿಸಾಕಿ ವೆಲ್ಡಿಂಗ್ ಹೊಡ್ದೆ. ಅವ್ರು ಕಣ್ಣು ಮುಚ್ಚಿ ಹಣೆ ಒತ್ಕೊಂಡ್ರು.

ಆದ್ರೆ ನೀನು ಹೇಳಿದ ಗೆರೆ ಮಾತು ಬಂದಾಗ ಎದ್ದು ಕೂತ್ರು. ಅದಕ್ಕೆ ಜೌಹರ್ ಅಂತಾರಂತೆ, ನಮ್ಮ ಉರ್ದು ಮಾತೇ. ಅದು ಮೇಲೆ ಬರ್ದಿದ್ದಲ್ಲ, ಕಬ್ಬಿಣದ ಒಳಗೇ ಇರೋದು, ಮರದ ಒಳಗೆ ಗೆರೆ ಇರಲ್ವಾ ಹಂಗೆ. ಕೋಣೆ ಒಳಗೆ ಆಸಿಡ್ ಹಚ್ಚಿ ಗೆರೆ ಬರ್ದು ಹಳೇದು ಅಂತ ಮಾರೋ ಕಳ್ರೂ ಅವ್ರೆ, ಅದು ಉಜ್ಜಿದ್ರೆ ಹೋಗುತ್ತೆ. ನಿಜವಾದ್ದು ಉಜ್ಜಿದ್ರೆ ಮಂಕಾಗುತ್ತೆ, ಹೋಗಲ್ಲ. ಸ್ವಲ್ಪ ಆಸಿಡ್ ಹಚ್ಚಿದ್ರೆ ಮತ್ತೆ ಎದ್ದು ಬರುತ್ತೆ. ಕೋರ್ಟು ಒಪ್ಪಿ ಲ್ಯಾಬಿನಾಗೆ ಮಾಡಿಸಿದ್ರೆ ಸಾಕು. ಗೆರೆ ಬಂತು ಅಂದ್ರೆ ಅದು ಇವತ್ತಿನ ಯಾವ ಶಾಪಿನಾಗೂ ಆಗಿರೋದಲ್ಲ ಅಂತ ನಾನೇ ಬಂದು ಹೇಳ್ತೀನಿ ಅಂದ್ರು.

ಹೊರಡೋವಾಗ ಇನ್ನೊಂದು ಮಾತು ಕೇಳಿದ್ರು. ಅದಕ್ಕೂ ಉತ್ತರ ಹೇಳಿ ಬಂದೆ.

ಗೆರೆ ಬರುತ್ತೆ ಅಬ್ಬಾ. ಬರ್ಲೇಬೇಕು.

ಶಹನವಾಜ್

*

ಜೈಲು
18-9-2025

ಬೇಟಾ,

ನೀನು ಇಷ್ಟು ಉದ್ದ ಬರ್ದಿದ್ದು ನೋಡಿ ಸಂಗಮೇಶನಿಗೆ ಓದಕ್ಕೆ ಕೊಟ್ಟೆ. 'ಕತ್ತಿ ಸಾಬ್ರೇ, ನಿಮ್ಮ ಮಗನ್ನ ಸ್ಕೂಲು ಬಿಡಿಸಿದ್ದು ಯಾರು' ಅಂದ. ನಾನೇ ಅಂದೆ. ಆ ವರ್ಷ ನನ್ನ ಕಾಲು ಮುರಿದಿತ್ತು, ಜುಲ್ಫಿಕರ್‌ನ ಲಾರಿ ಕಮಾನು ಪಟ್ಟಿ ಶಾಪಿಗೆ ನಾನೇ ಕೈ ಹಿಡ್ಕೊಂಡು ಹೋಗಿ ಬಿಟ್ಟೆ. ಅದನ್ನ ನೀನು ಯಾವತ್ತೂ ಎತ್ತಿ ಆಡಿಲ್ಲ.

ಆ ಯಜಮಾನ್ರು ದೊಡ್ಡೋರು. ಅವ್ರು ಹೇಳಿದ್ದು ಸರಿ ಇರುತ್ತೆ. ಆದ್ರೆ ಗೆರೆ ಬರ್ಲೇಬೇಕು ಅಂತ ಹಟ ಹಿಡೀಬೇಡ. ಬರದಿದ್ರೆ ನೀನು ಏನು ಮಾಡ್ತೀಯ ಅನ್ನೋದೇ ನನ್ನ ಚಿಂತೆ.

ಗೌರಸಮುದ್ರದ ಕಡೆಯೋನೊಬ್ಬ ಬಿಡುಗಡೆ ಆದ. ಹೋಗೋವಾಗ ಅವ್ನ ಕಂಬಳಿ ನಂಗೆ ಕೊಟ್ಟ. ಚಳಿಗಾಲದ ಬಟ್ಟೆ ಕಳ್ಸೋದು ಬ್ಯಾಡ.

ನೂರ್ ಅಹಮ್ಮದ್

*

ಚಳ್ಳಕೆರೆ
9-11-2025

ಅಬ್ಬಾ,

ಈ ಕಾಗದ ಮಾಲತಿ ಮೇಡಂ ಕೈಯಾಗೆ ಮುಚ್ಚಿ ಕೊಡ್ತಿದ್ದೀನಿ. ಗೇಟಿನೋರು ಓದೋದು ಬ್ಯಾಡ.

ರಿಪೋರ್ಟು ಬಂತು. ಗೆರೆ ಇಲ್ಲ. ಮೂರು ಕಡೆ ಆಸಿಡ್ ಹಚ್ಚಿ ನೋಡವ್ರೆ, ಬೂದು ಬಣ್ಣ ಬಿಟ್ರೆ ಏನಿಲ್ಲ. ಹೊಸದಾಗಿ ಸಾಣೆ ಹಿಡಿದದ್ದು, ಹೊಸ ವೆಲ್ಡಿಂಗು, ಲಾರಿ ಪಟ್ಟಿ ತರ ಎಣ್ಣೇಲಿ ಹದ ಮಾಡಿದ ಉಕ್ಕು, ಹಳೇದು ಅನ್ನಕ್ಕೆ ಗುರ್ತು ಯಾವ್ದೂ ಇಲ್ಲ ಅಂತ ಬರ್ದವ್ರೆ.

ಬೊಮ್ಮಲಿಂಗಪ್ಪೋರು ಹೊರಡೋವಾಗ ಏನು ಕೇಳಿದ್ರು ಗೊತ್ತಾ? 'ಬೆಂಕಿಗೆ ಹಾಕಿಲ್ಲ ತಾನೇ? ಕೆಂಪಗೆ ಕಾಯ್ಸಿದ್ರೆ ಜೌಹರ್ ಸತ್ತು ಹೋಗುತ್ತೆ, ಆಮೇಲೆ ದೇವ್ರು ಬಂದ್ರೂ ಎಬ್ಬಿಸಕ್ಕಾಗಲ್ಲ' ಅಂದ್ರು. ನಾನು ಇಲ್ರೀ ಅಂದೆ.

ಹಾಕಿದ್ದೆ.

ತುದಿ ಬಗ್ಗಿತ್ತಲ್ಲ. ಲಾರಿ ಪಟ್ಟಿ ನೇರ ಮಾಡೋ ಹಂಗೇ ಮಾಡ್ದೆ. ಜುಲ್ಫಿಕರ್ ಭಾಯ್ ಊಟಕ್ಕೆ ಹೋದಾಗ ಭಟ್ಟಿಗೆ ಇಟ್ಟೆ, ಉದ್ದಕ್ಕೂ. ಕಿತ್ತಳೆ ಬಣ್ಣ ಬರೋ ತನಕ ಊದ್ದೆ. ಸುತ್ತಿಗೇಲಿ ತಟ್ಟಿ ನೇರ ಮಾಡಿ ಎಣ್ಣೆ ಡ್ರಮ್ಮಿಗೆ ಅದ್ದೆ. ಆಮೇಲೆ ಮುರಿದ ಎರಡು ಹಲ್ಲಿನ ಗುರ್ತು ಹೋಗೋ ತನಕ ಗ್ರೈಂಡರ್ ಹಿಡ್ದೆ. ಅಬ್ಬಾ, ಆವಾಗ್ಲೇ ನನ್ನ ಕೈಗೆ ಗೊತ್ತಾಗಿತ್ತು. ದಿನಾ ಪಟ್ಟಿ ಉಜ್ಜೋನು ನಾನು, ಅದ್ರ ಕಿಡಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಇದ್ರ ಕಿಡಿ ಬ್ಯಾರೆ ಇತ್ತು. ಚಿಕ್ಕ ಚಿಕ್ಕ ಹೂವು ಒಡೆದಂಗೆ, ಒತ್ತೊತ್ತಾಗಿ. ಇದು ಯಾವ್ದೋ ಬ್ಯಾರೆ ಕಬ್ಬಿಣ ಅಂತ ಅನ್ನಿಸ್ತು. ಅನ್ನಿಸಿದ್ರೂ ನಿಲ್ಸಿಲ್ಲ. ಈ ಸಲ ಹಟ್ಟೀಲಿ ನಮ್ಮ ಕತ್ತಿ ಬಿಸಿಲಿಗೆ ಹಿಡಿದ್ರೆ ಕಣ್ಣು ಕುಕ್ಕಬೇಕು, ನೂರಣ್ಣನ ಮಗ ಮಾಡಿದ್ದು ಅನ್ಬೇಕು ಅಂತ.

ಸುಳ್ಳು ಹೇಳ್ದೆ ಆ ಯಜಮಾನ್ರಿಗೆ. ಎಲ್ಲೋ ಒಂದು ಬೆರಳಿನಷ್ಟು ಜಾಗದಾಗಾದ್ರೂ ಉಳಿದಿರುತ್ತೆ ಅಂತ ಎರಡು ತಿಂಗಳು ಕಾದೆ. ನೀನು ಅಲ್ಲಿ ಎರಡು ತಿಂಗಳು ಜಾಸ್ತಿ ಕೂತೆ, ನಾನು ಬಾಯಿ ಬಿಡಲಿಲ್ಲ ಅಂತ.

24ನೇ ತಾರೀಕು ಕೋರ್ಟು ಐತೆ. ನಾನು ನಿಂತು ಎಲ್ಲಾ ಹೇಳ್ತೀನಿ. ಕತ್ತಿ ಹಳೇದೇ, ಕೊಂದೋನು ನಾನು ಅಂತ. ಮೇಡಂ ಬ್ಯಾಡ ಅಂತವ್ರೆ, ಲೈಸೆನ್ಸ್ ಇಲ್ದೆ ಕತ್ತಿ ಮಾಡ್ದೋನು ಅಂತ ನನ್ನನ್ನೂ ಒಳಗೆ ಹಾಕ್ತಾರೆ, ನೀನೂ ಹೊರಗೆ ಬರಲ್ಲ ಅಂತವ್ರೆ. ಹಾಕ್ಲಿ. ಒಂದೇ ಕಡೆ ಇರೋಣ.

ಶಹನವಾಜ್

*

ಜೈಲು
19-11-2025

ಶಾನು,

ಇದನ್ನ ನಾನೂ ಮೇಡಂ ಕೈಯಾಗೇ ಕೊಡ್ತಿದ್ದೀನಿ. ನಿನ್ನ ಕಾಗದ ಬಂದ ದಿನಾನೇ ಅವ್ರಿಗೆ 24ರ ತನಕ ಕಾಯಲ್ಲ, ಮೊದ್ಲೇ ತಪ್ಪು ಒಪ್ಕೊಂತೀನಿ ಅಂತ ಹೇಳಿ ಕಳ್ಸಿದ್ದೆ. ನಿನ್ನೆ ಇಲ್ಲಿ ಟಿವಿ ಮುಂದೆ ಕೂರಿಸಿದ್ರು, ಜಡ್ಜ್ ಸಾಹೇಬ್ರು ಅದ್ರಾಗೆ ಕಾಣ್ತಾರೆ. ಕತ್ತಿ ಯಾರ್ದು ಅಂದ್ರು. ನಂದೇ ಅಂದೆ. ಎಲ್ಲಿಂದ ಬಂತು ಅಂದ್ರು. ಹೊಸದು, ದಾರೀಲಿ ಮಾರೋನತ್ರ ತಗೊಂಡೆ, ಅವ್ನು ಯಾರೋ ಗೊತ್ತಿಲ್ಲ ಅಂದೆ. ತಪ್ಪು ಒಪ್ಕೊಂತೀರಾ ಅಂದ್ರು. ಒಪ್ಕೊಂತೀನಿ ಅಂದೆ. ಐದು ನಿಮಿಷ ಹಿಡೀಲಿಲ್ಲ.

24ಕ್ಕೆ ನೀನು ಬಂದು ನಿಂತ್ಕೊಳ್ಳಕ್ಕೆ ಈಗ ಏನೂ ಉಳಿದಿಲ್ಲ. ಶಿಕ್ಷೆ ಎಷ್ಟು ಅಂತ ಆವತ್ತು ಹೇಳ್ತಾರೆ, ಅಷ್ಟೇ.

ಬೈತೀಯ ಅಂತ ಗೊತ್ತು. ಬೈಯಿ.

ಭಟ್ಟಿ ಮಾತು ನಂಗೆ ಹೊಸದಲ್ಲ. ಬಸ್ಟ್ಯಾಂಡಿನಾಗೆ ನೀನು ಬಟ್ಟೆ ಸರಿಸಿ ತೋರಿಸ್ದಾಗ್ಲೇ ಗೊತ್ತಾಯ್ತು. ಕೈಯಾಗೆ ಹಿಡ್ದೆ, ಅದು ಬ್ಯಾರೆ ತೂಕ ಇತ್ತು. ಮುರಿದ ಹಲ್ಲಿನ ಗುರ್ತಿಲ್ಲ, ಗೆರೆ ಇಲ್ಲ. ನಮ್ಮಪ್ಪ ತೀರ್ಕೊಂಡಾಗ ಮೈ ತೊಳೀತಾ ಹೆಂಗೆ ಅನ್ಸಿತ್ತೋ ಹಂಗೆ ಅನ್ಸ್ತು, ಮುಖ ಅದೇ, ಒಳಗೆ ಆಳಿಲ್ಲ. ಆದ್ರೆ ನೀನು ಕತ್ತಿ ನೋಡ್ತಿರಲಿಲ್ಲ, ನನ್ನ ಮುಖಾನೇ ನೋಡ್ತಿದ್ದೆ. ಅದಕ್ಕೆ ಚೆನ್ನಾಗೈತೆ ಅಂದೆ. ಒಂದು ಮಾತು ಆವತ್ತೇ ಹೇಳಿದ್ರೆ ಕತ್ತಿ ಮನೇಲೇ ಇರೋದು, ನಾನು ಬರೀ ಕೈಯಾಗೆ ಬಸ್ಸು ಹತ್ತಿರ್ತಿದ್ದೆ. ಆದ್ರಿಂದ ನೀನೊಬ್ಬನೇ ಹೊತ್ಕೋಬೇಡ. ಅರ್ಧ ನಂದು.

ಮಾರಯ್ಯನ್ನ ಕೋರ್ಟಿಗೆ ಎಳೆಯೋದೂ ತಪ್ತು. ವಯಸ್ಸಾಗೈತೆ ಅವ್ನಿಗೆ.

ನೂರ್ ಅಹಮ್ಮದ್

*

ಚಳ್ಳಕೆರೆ
11-1-2026

ಅಬ್ಬಾ,

ನಿನ್ನ ಕಾಗದ ಓದಿ ಹರಿದು ಹಾಕಿ ಆಮೇಲೆ ಅಂಟಿಸ್ದೆ. ಒಂದೂವರೆ ತಿಂಗಳು ಬರೀಲಿಲ್ಲ. ಬರ್ದಿದ್ರೆ ಬರೀ ಬೈಗುಳ ಬರೀತಿದ್ದೆ. ಇದನ್ನೂ ಮೇಡಂ ಕೈಯಾಗೇ ಕಳ್ಸ್ತಿದ್ದೀನಿ.

ಒಂದು ವರ್ಷ ಅಂದ್ರು, ಕೂತಿರೋದು ಸೇರಿ. ಜೂನ್ ಕೊನೇಗೆ ಬರ್ತೀಯ. ಹಬ್ಬ ಅದಕ್ಕೂ ಮೊದ್ಲೇ ಮುಗೀತೈತೆ, ನಾಕೈದು ದಿನದಾಗೆ ತಪ್ಪೋಗುತ್ತೆ. ಕತ್ತಿ ಮುರಿದು ಹಾಕಿ ಅಂತ ಆರ್ಡರ್ ಆಗೈತೆ. ಅದನ್ನ ಕೇಳ್ದಾಗ ನಂಗೆ ಏನೂ ಅನ್ನಿಸ್ಲಿಲ್ಲ. ನಾನು ಮೊದ್ಲೇ ಮುರಿದಾಗಿತ್ತು.

ಮಾರಯ್ಯ ನಿನ್ನೆ ಶಾಪಿಗೆ ಬಂದಿದ್ದ. ಒಬ್ಬನೇ, ಬಸ್ಸಿನಾಗೆ. ಹಳೇ ಟೈರಿನ ಮೇಲೆ ಕೂತ. ನಾನು ಗ್ರೈಂಡರ್ ನಿಲ್ಸಿಲ್ಲ, ಕಿಡಿ ಅವ್ನ ಕಾಲ ತನಕ ಹೋಗ್ತಿತ್ತು, ಅವ್ನು ಕಾಲು ತಗೀಲಿಲ್ಲ. ಕೊನೇಗೆ ನಾನೇ ಆಫ್ ಮಾಡ್ದೆ. ಜುಲ್ಫಿಕರ್ ಭಾಯ್ ಟೀ ತರಿಸಿದ್ರು.

'ನಿಮ್ಮಪ್ಪ ಕೋರ್ಟಿನಾಗೆ ಹೊಸ ಕತ್ತಿ ಅಂತ ಒಪ್ಕೊಂಡನಂತೆ, ಹೌದೇನಲೇ' ಅಂದ.

'ಹೂನ್ರಿ.'

'ಹಂಗಾದ್ರೆ ನಾನು ಸ್ಟೇಷನ್ನಾಗೆ ಹೇಳಿದ್ದು ತಪ್ಪಲ್ಲ.'

ಅವ್ನ ಮುಖ ನೋಡ್ದೆ ಅಬ್ಬಾ. ಎಷ್ಟು ಇಳಿದು ಹೋಗೈತೆ ಗೊತ್ತಾ. ಐದಾರು ತಿಂಗಳು ಇದೊಂದು ಮಾತು ಅವ್ನ ಎದೆಯಾಗೆ ಕೂತಿತ್ತು ಅಂತ ಕಾಣುತ್ತೆ. ನಂಗೆ ಬಾಯಿ ತುದಿಗೆ ಬಂದಿತ್ತು. ತಪ್ಪು ಮುದುಕ, ನೀನು ಮುಟ್ಟಿದ್ದೇ ಬಾಬಯ್ಯನ ಕತ್ತಿ, ಐವತ್ತು ವರ್ಷ ಹೂವು ಕಟ್ಟಿದ ಕತ್ತಿ ನಿಂಗೇ ಗುರ್ತು ಸಿಗ್ಲಿಲ್ಲ, ನಿನ್ನ ಒಂದು ಮಾತಿಗೆ ನಮ್ಮಪ್ಪ ಒಳಗೆ ಕೂತವ್ನೆ. ಹೇಳ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ ನಾನು, ರಸ್ತೇಲಿ ನಡೀತಾ ಒಬ್ಬನೇ ಹೇಳ್ಕೊಂಡು ಅಭ್ಯಾಸ ಮಾಡಿದ್ದೆ.

'ತಪ್ಪಲ್ಲ ರೀ. ಸರಿಯಾಗೇ ಹೇಳಿದ್ರಿ' ಅಂದೆ.

ಅವ್ನು ಟೀ ಕುಡ್ದ. ಅರ್ಧ ಲೋಟ ಕುಡಿದ ಮೇಲೆ ನಿಧಾನಕ್ಕೆ ಕೇಳ್ದ, 'ಹಂಗಾದ್ರೆ ಹಳೇದು ಎಲ್ಲೈತಪ್ಪಾ? ಹಟ್ಟೀಲಿ ಎಲ್ರೂ ಮಾತಾಡ್ತವ್ರೆ. ನೂರಣ್ಣ ಮಾರ್ಕೊಂಡು ಹೊಸದು ತಂದ ಅಂತವ್ರೆ. ನಾನು ನಂಬಲ್ಲ. ಆದ್ರೂ ಕತ್ತಿ ಇಲ್ಲವಲ್ಲ. ಮುಜಾವರ್‌ಕಿ ಬ್ಯಾರೆ ಮನೆಗೆ ಕೊಡೋಣ ಅಂತ ನನ್ನ ಮಕ್ಕಳೇ ಹೇಳ್ತವ್ರೆ.'

ನೀನು ಕೋರ್ಟಿನಾಗೆ ಹೊಸದು ಅಂತ ಹೇಳ್ಬಿಟ್ಟೆ. ಆ ಮಾತಿಗೆ ಇಂಥ ಬಾಲ ಐತೆ ಅಂತ ನಿಂಗೆ ಹೊಳೀಲಿಲ್ವಾ, ಇಲ್ಲಾ ಹೊಳೆದೂ ಹೇಳ್ದ್ಯಾ, ನಂಗೊತ್ತಿಲ್ಲ. ಹೊಸದು ಅಂದ್ಮೇಲೆ ಹಳೇದು ಎಲ್ಲೋ ಹೋಗಿರ್ಲೇಬೇಕು. ಯಾರೋ ಒಬ್ರು ಅದನ್ನ ತಗೊಂಡಿರ್ಲೇಬೇಕು.

'ನಾನು ಮಾರ್ದೆ' ಅಂದೆ.

ಮಾರಯ್ಯ ನನ್ನ ನೋಡ್ದ. ಹೊಡೀತಾನೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿರೋದು.

'ಯಾರಿಗೆ?'

'ಗುಜರಿಯೋನಿಗೆ. ಪಾಲಿಶ್‌ಗೆ ಅಂತ ಅಬ್ಬಾ ಕೊಟ್ಟಿದ್ರು. ಅದನ್ನ ಕೊಟ್ಟು ಇದನ್ನ ಮಾಡ್ದೆ.'

'ನಿಮ್ಮಪ್ಪನಿಗೆ ಗೊತ್ತಾ?'

'ಇಲ್ಲ. ಅದೇ ಕತ್ತಿ ಅಂದ್ಕೊಂಡು ತಗೊಂಡು ಹೋದ್ರು. ಕೋರ್ಟಿನಾಗೆ ನನ್ನ ಉಳಿಸಕ್ಕೆ ತಾನೇ ಕೊಂಡಿದ್ದು ಅಂದ್ರು.'

ಲೋಟ ಕೆಳಗಿಟ್ಟ. ಎದ್ದು ನಿಂತ. ಹೋಗೋ ಮೊದ್ಲು ನನ್ನ ಹತ್ರ ಬಂದು, ಮೆಲ್ಲಗೆ, ಯಾರಿಗೂ ಕೇಳ್ದಂಗೆ, 'ಅವ್ನಿಗೆ ಹೇಳ್ಬೇಡ. ಸತ್ತೇ ಹೋಗ್ತಾನೆ' ಅಂದ. ಆಮೇಲೆ, 'ನೀನು ಹಟ್ಟಿ ಕಡೆ ಬರಬೇಡ' ಅಂದ.

ಅಷ್ಟೇ ನಡೆದಿದ್ದು. ನೀನು ಬಿಡುಗಡೆ ಆದ್ರೆ ಮಾರಯ್ಯನೇ ಗೇಟಿಗೆ ಬರ್ತಾನೆ, ಕರ್ಕೊಂಡು ಹೋಗ್ತಾನೆ. ನಿನ್ನ ಜಾಗ ನಿಂಗೆ ಇರುತ್ತೆ. ಅಲ್ಲಿ ಯಾರಾದ್ರೂ ನನ್ನ ಬೈದ್ರೆ ಸುಮ್ನಿರು. ನನ್ನ ಪರವಾಗಿ ಒಂದು ಮಾತೂ ಆಡ್ಬೇಡ, ಆಡಿದ್ರೆ ನೀನು ಹೇಳಿದ್ದೂ ನಾನು ಹೇಳಿದ್ದೂ ಎರಡೂ ಹಾಳಾಗುತ್ತೆ.

ಇದನ್ನ ಓದಿ ಮೇಡಂ ಕೈಗೇ ವಾಪಸ್ ಕೊಡು, ಸುಟ್ಟು ಹಾಕ್ತೀನಿ. ಉತ್ತರ ಬರೀಬೇಡ.

ಶಹನವಾಜ್